ಬಿಟ್ಟುಹೋದ ಸಾಲು

ಊರಿಗೆ ನೂರು ವರ್ಷ ತುಂಬುವ ಹೊತ್ತಿಗೆ ಒಂದು ಪುಸ್ತಕ ತರಬೇಕೆಂದು ಸಮಿತಿ ಮಾಡಿದ್ದೇ ತಡ, ಊರಿನಲ್ಲಿ ಗಣ್ಯರ ಸಂಖ್ಯೆ ದಿಢೀರನೆ ಹೆಚ್ಚಿಬಿಟ್ಟಿತು. ಅಲ್ಲಿಯತನಕ ತಾವಾಯಿತು ತಮ್ಮ ಪಾಡಾಯಿತು ಎಂದಿದ್ದವರೆಲ್ಲ ಅಟ್ಟದ ಮೇಲಿನ ಹಳೆಯ ಫೋಟೊ ಇಳಿಸಿ ಧೂಳು ಒರೆಸತೊಡಗಿದರು. ಸಮಿತಿಯ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ತಮ್ಮ ತಾತನ ಬಗ್ಗೆ ಎಂಟು ಪುಟ ಬರೆದುಕೊಟ್ಟರು; ಆ ತಾತ ಈ ಊರಿಗೆ ಬಂದದ್ದು ಸಾಯುವುದಕ್ಕೆ ಮೂರು ತಿಂಗಳ ಮುಂಚೆ, ಅದೂ ಮಲಗಿಕೊಂಡೇ. ಸೈಕಲ್ ಅಂಗಡಿಯವನು, ನೂರರಲ್ಲಿ ನಲವತ್ತು ವರ್ಷ ಈ ಊರಿನ ಚಕ್ರ ತಿರುಗಿದ್ದೇ ತನ್ನಿಂದ, ತನ್ನನ್ನು ಬಿಟ್ಟು ಇತಿಹಾಸ ಹೇಗೆ ಮುಂದಕ್ಕೆ ಹೋಗುತ್ತದೋ ನೋಡುತ್ತೇನೆ ಎಂದು ಕಪ್ಪು ಕನ್ನಡಕ ಹಾಕಿಕೊಂಡ ಫೋಟೊ ಕೊಟ್ಟುಹೋದ.

ಗಣ್ಯರೂ ಗಣ್ಯರ ತಾತಂದಿರೂ ಎಲ್ಲರೂ ಕೊನೆಗೆ ಬಂದು ಬೀಳುತ್ತಿದ್ದದ್ದು ಒತ್ತಕ್ಷರದಕ್ಕನ ಮೇಜಿನ ಮೇಲೆ.

ಊರಿಗಿದ್ದದ್ದು ಒಂದೇ ಪ್ರೆಸ್ಸು. ಮುಂದೆ ಗಿರಾಕಿಗಳ ಕೋಣೆ, ನಡುವೆ ಕಂಪ್ಯೂಟರು, ಹಿಂದೆ ಮಿಷನ್ನು. ನಡುಕೋಣೆಯ ಕಿಟಕಿ ಪಕ್ಕದಲ್ಲಿ ಕೂತು ಅವಳು ಇಪ್ಪತ್ತಾರು ವರ್ಷದಿಂದ ಪ್ರೂಫ್ ತಿದ್ದುತ್ತಿದ್ದಳು. ಬಿಟ್ಟುಹೋದ ಒತ್ತಕ್ಷರವಾಗಲಿ, ತಪ್ಪಿದ ಮಹಾಪ್ರಾಣವಾಗಲಿ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಹಿಂದೊಮ್ಮೆ ಅವಳು ಒಂದೇ ಒಂದು ದಿನ ರಜೆ ಹಾಕಿದಾಗ ಯಾರೋ ದೊಡ್ಡವರ ‘ಧನಸಹಾಯ’ವು ‘ದನಸಹಾಯ’ ಎಂದು ಅಚ್ಚಾಗಿ, ಆ ದೊಡ್ಡವರು ಪ್ರೆಸ್ಸಿನ ಬಾಗಿಲಲ್ಲೇ ಬಂದು ಕೂತಿದ್ದರು. ಆಮೇಲಿಂದ ಯಜಮಾನರು ಒಂದು ನಿಯಮ ಮಾಡಿದ್ದರು: ಕೊನೆಯ ಪ್ರೂಫಿನ ಮೇಲೆ ಅಕ್ಕನ ಸಹಿ ಬೀಳದೆ ಮಿಷನ್ ತಿರುಗಕೂಡದು.

ಓದುವುದು ಬೇರೆ, ಪ್ರೂಫ್ ನೋಡುವುದು ಬೇರೆ ಎನ್ನುತ್ತಿದ್ದಳು ಅವಳು. ಪ್ರೂಫ್ ನೋಡುವಾಗ ಅರ್ಥ ತಲೆಗೆ ಹತ್ತಕೂಡದು. ಅರ್ಥದ ಬೆನ್ನು ಹತ್ತಿದರೆ ತಪ್ಪು ನುಸುಳಿಕೊಂಡು ಹೋಗುತ್ತದೆ. ಹಾಗಾಗಿ ಸಾಲಿನ ಕೆಳಗೆ ಸ್ಕೇಲು ಇಟ್ಟು, ಅಕ್ಷರ ಅಕ್ಷರವನ್ನೇ ದಾಟಿಕೊಂಡು ಹೋಗುತ್ತಿದ್ದಳು. ನೂರಹನ್ನೆರಡನೇ ಪುಟದಲ್ಲೂ ಹಾಗೇ ಹೋದಳು. ‘ನಿರ್ಲಕ್ಷದಿಂದ’ ಎಂದಿತ್ತು. ಕೆಂಪು ಪೆನ್ನು ತಾನಾಗಿ ಅದಕ್ಕೊಂದು ಯ ಒತ್ತು ಹಾಕಿತು. ಕೈ ಮುಂದಿನ ಸಾಲಿಗೆ ಸ್ಕೇಲು ಜರುಗಿಸಿದ ಮೇಲೆ ತಲೆಗೆ ಹತ್ತಿತು. ಸ್ಕೇಲನ್ನು ಹಿಂದಕ್ಕೆ ತಂದಳು.

‘ಕರ್ತವ್ಯದ ವೇಳೆ ಮದ್ಯಪಾನ ಮಾಡಿದ್ದ ಬಾಯ್ಲರ್ ಕೆಲಸಗಾರನ ನಿರ್ಲಕ್ಷ್ಯದಿಂದ ಈ ದುರಂತ ಸಂಭವಿಸಿ, ಹನ್ನೊಂದು ಅಮಾಯಕ ಜೀವಗಳು ಬಲಿಯಾದವು.’ ನಡುವೆ ಕಂಸದೊಳಗೆ ಆ ಕೆಲಸಗಾರನ ಹೆಸರು, ಅವನ ತಂದೆಯ ಹೆಸರು ಸಮೇತ ಇತ್ತು. ಒಂದು ಅವಳ ಅಪ್ಪನದು, ಇನ್ನೊಂದು ತಾತನದು.

ನಲವತ್ತೊಂದು ವರ್ಷದ ಹಿಂದಿನ ಮಾತು. ಊರಿನ ನೂಲಿನ ಗಿರಣಿ ಆಗ ಮೂರು ಪಾಳಿಯಲ್ಲಿ ನಡೆಯುತ್ತಿತ್ತು. ಬಣ್ಣದ ಶೆಡ್ಡಿಗೆ ಹಬೆ ಕೊಡುವ ಬಾಯ್ಲರ್ ಒಂದು ಬೆಳಿಗ್ಗೆ ಸಿಡಿದು ಗೋಡೆಗಳು ಕಾಗದದಂತೆ ಹಾರಿಹೋದವು. ಸತ್ತವರು ಹನ್ನೆರಡು ಜನ. ಗಿರಣಿ ಗೇಟಿನ ಮುಂದೆ ನಿಲ್ಲಿಸಿದ ಕಲ್ಲಿನಲ್ಲಿ ಹನ್ನೊಂದೇ ಹೆಸರು. ಹನ್ನೆರಡನೆಯವನು ಅವಳ ಅಪ್ಪ. ಅವಳಿಗೆ ಆಗ ಒಂಬತ್ತು ವರ್ಷ. ಗಿರಣಿಯ ಮನೆ ಖಾಲಿ ಮಾಡಿಕೊಂಡು ತಾಯಿ ಮಗಳು ಊರಿನ ಆ ತುದಿಗೆ ಹೋದರು; ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಮುಂದೆ ಮಗಳಿಗೆ ಬಂದ ಎರಡು ಸಂಬಂಧಗಳು ಆ ಕಲ್ಲಿನವರೆಗೆ ಬಂದು, ಅದರಲ್ಲಿ ಇಲ್ಲದ ಹೆಸರನ್ನು ಓದಿಕೊಂಡು ವಾಪಸ್ಸು ಹೋದವು.

ಕುಡಿದು ಹನ್ನೊಂದು ಜನರನ್ನು ಕೊಂದವನು ಎಂಬ ಮಾತು ಊರಿನಲ್ಲಿ ಬಾಯಿಂದ ಬಾಯಿಗೆ ಇತ್ತೇ ಹೊರತು ಎಲ್ಲೂ ಅಚ್ಚಾಗಿರಲಿಲ್ಲ. ಬಾಯಿಮಾತಿಗೆ ಆಯುಸ್ಸು ಕಡಿಮೆ. ಗಿರಣಿ ಮುಚ್ಚಿ ಹದಿನೈದು ವರ್ಷವಾಗಿತ್ತು, ಹಳಬರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಅವರ ಜೊತೆ ಮಾತೂ ಹೋಗುತ್ತದೆ ಎಂದು ತಾಯಿ ಮಗಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಕಾಯುತ್ತಿದ್ದರು. ಈಗ ಅದು ಪುಸ್ತಕವಾಗಿ ಬರುತ್ತಿತ್ತು, ಸಾವಿರ ಪ್ರತಿ.

ಅವಳು ಆ ಪುಟವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಮೇಷ್ಟ್ರ ಮನೆಗೆ ಹೋದಳು. ಪುಸ್ತಕ ಬರೆದವರು ಮೇಷ್ಟ್ರು. ಊರಿನ ಮುಕ್ಕಾಲು ಪಾಲು ಜನಕ್ಕೆ ಅಕ್ಷರ ಕಲಿಸಿದವರು, ಅವಳಿಗೂ. ಮೇಜಿನ ಮೇಲೆ, ಮಂಚದ ಮೇಲೆ, ಕಿಟಕಿಯ ಕಟ್ಟೆ ಮೇಲೆ ಕಾಗದವೋ ಕಾಗದ. ಒಂದು ಕುರ್ಚಿ ಖಾಲಿ ಮಾಡಿ ಕೂರಿಸಿದರು. ಪುಟ ನೋಡಿ ಕನ್ನಡಕ ತೆಗೆದಿಟ್ಟರು.

“ನೀನು ಬರ್ತೀಯ ಅಂತ ಗೊತ್ತಿತ್ತು ಕಣಮ್ಮ. ನಾನಾಗಿ ಬಂದು ಹೇಳೋಕೆ ಧೈರ್ಯ ಸಾಲಲಿಲ್ಲ.”

“ಇದು ನಿಜ ಅಂತ ನಿಮಗೆ ಗೊತ್ತಾ ಮೇಷ್ಟ್ರೇ?”

“ನಾನು ನೋಡಿದ್ದಲ್ಲ. ವಿಚಾರಣೆ ವರದಿಯಲ್ಲಿ ಇರೋದು.” ಅವರು ಒಂದು ಕಡತ ಬಿಚ್ಚಿ ತೋರಿಸಿದರು. ಹಳದಿಗೆ ತಿರುಗಿದ ಟೈಪ್ ಹಾಳೆಗಳು.

“ಯಾರ ಸಾಕ್ಷಿ ಇದೆ?”

“ಒಬ್ಬರದೇ. ಟೈಂಕೀಪರ್‌ದು. ಆವತ್ತು ಗೇಟಿನಲ್ಲಿ ಒಳಗೆ ಬರುವಾಗ ಬಾಯಿ ವಾಸನೆ ಹೊಡೀತಿತ್ತು ಅಂತ.”

“ಅವರು ಇನ್ನೂ ಇದ್ದಾರಲ್ಲ.”

“ಇದ್ದಾರೆ.” ಮೇಷ್ಟ್ರು ಕಡತದ ದಾರ ಮತ್ತೆ ಕಟ್ಟಿದರು. “ಅವರು ಬೇರೆ ಹೇಳಿದರೆ ನಾನು ಬೇರೆ ಬರೀತೀನಿ. ಅಷ್ಟು ಮಾತು ಕೊಡಬಲ್ಲೆ. ಆದರೆ ಬರೀ ಮಗಳ ಮಾತು ತಗೊಂಡು ವರದಿ ತಿದ್ದೋಕೆ ಬರಲ್ಲಮ್ಮ.”

ಸಂಜೆ ಮನೆಯಲ್ಲಿ ತಾಯಿ ಮೊರದಲ್ಲಿ ಬೇಳೆ ಹಾಕಿಕೊಂಡು ಕಲ್ಲು ಹೆಕ್ಕುತ್ತಿದ್ದಳು. ಕಣ್ಣು ಮಂಜಾಗಿದ್ದರೂ ಬೆರಳಿಗೆ ಕಲ್ಲು ಯಾವುದು ಬೇಳೆ ಯಾವುದು ಅಂತ ಗೊತ್ತಾಗುತ್ತಿತ್ತು. ಮಗಳು ನಲವತ್ತೊಂದು ವರ್ಷ ಕೇಳದಿದ್ದ ಮಾತನ್ನು ಕೇಳಿದಳು.

“ಅಪ್ಪ ಕುಡೀತಿದ್ದರಾ ಅಮ್ಮ?”

“ಕುಡೀತಿದ್ದರು. ವಾರಕ್ಕೊಂದು ಸಲ. ಕುಡಿದರೆ ಗಲಾಟೆ ಇಲ್ಲ, ಗದ್ದಲ ಇಲ್ಲ. ಗೋಡೆ ಕಡೆ ತಿರುಗಿ ಮಲಗೋರು.”

“ಆವತ್ತು?”

“ಆವತ್ತು ಎಲ್ಲಿಂದ ಕುಡೀತಾರೆ? ನಿನಗೆ ಮೈ ಕೆಂಡದ ಹಾಗೆ ಸುಡ್ತಿತ್ತು. ಹಣೆ ಮೇಲೆ ಒದ್ದೆ ಬಟ್ಟೆ ಹಾಕ್ತಾ ಬೆಳಗಿನ ತನಕ ನಿನ್ನ ತಲೆದೆಸೇಲಿ ಕೂತಿದ್ದರು. ಅಲ್ಲಿಂದಲೇ ಎದ್ದು ಕೆಲಸಕ್ಕೆ ಹೋದರು.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ಅದನ್ನೂ ತಲೆ ಮೇಲೆ ಹೊತ್ಕೊಂಡು ತಿರುಗ್ತಿದ್ದೆ ನೀನು.” ತಾಯಿ ಒಂದು ಕಲ್ಲು ತೆಗೆದು ಹೊರಗೆ ಎಸೆದಳು. “ಈಗ ಯಾಕೆ ಬಂತು ಈ ಮಾತು?”

ಮಗಳು ಹೇಳಿದಳು. ತಾಯಿ ಕೇಳಿಸಿಕೊಂಡು ಮೊರ ಕೇರುತ್ತ ಕೂತಳು.

ಮಾರನೆಯ ದಿನ ಮಧ್ಯಾಹ್ನ ಅವಳು ಟೈಂಕೀಪರ್ ಮನೆಗೆ ಹೋದಳು. ಎಂಬತ್ತನಾಲ್ಕು ವರ್ಷದ ಆ ಮನುಷ್ಯ ಮಗಳ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದರು. ಪುಸ್ತಕದಲ್ಲಿ ಅವರಿಗೂ ಎರಡು ಪುಟ ಇತ್ತು: ಮೂವತ್ತೆಂಟು ವರ್ಷದ ನೌಕರಿಯಲ್ಲಿ ಒಂದು ನಿಮಿಷ ತಡವಾಗಿ ಬಂದವರಲ್ಲ, ಅವರ ಸೈರನ್ನಿಗೆ ಇಡೀ ಊರು ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು ಎಂದು. ಆ ಪುಟಗಳನ್ನು ತಿದ್ದಿದವಳೂ ಅವಳೇ. ಅಂಗಡಿಯಲ್ಲಿ ಟೈಲರಮ್ಮ ಇರಲಿಲ್ಲ, ದಾರದ ಉಂಡೆ ತರಲು ಪೇಟೆಗೆ ಹೋಗಿದ್ದಳು. ನೇತುಹಾಕಿದ ರವಿಕೆಗಳ ನಡುವೆ ದಾರಿ ಮಾಡಿಕೊಂಡು ಅವಳು ಒಳಗೆ ಹೋದಳು.

“ಟೈಂಕೀಪರ್ ಮಾವ, ನಾನು ಬಾಯ್ಲರ್‌ನವರ ಮಗಳು.”

ಗಿರಣಿಯ ಸಾಲುಮನೆಗಳ ಮಕ್ಕಳೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದರು. ಮುದುಕರು ಅವಳ ಮುಖವನ್ನೇ ನೋಡಿದರು. ಆಮೇಲೆ ಮಂಚದ ಪಕ್ಕದ ಸ್ಟೂಲು ತೋರಿಸಿದರು.

“ನಿಮ್ಮಪ್ಪನ ಮೂಗೇ ನಿಂದೂ,” ಎಂದರು. “ಕೂತ್ಕೋ. ನೀನು ಯಾವತ್ತಾದರೂ ಬರ್ತೀಯ ಅಂತ ಎಷ್ಟು ವರ್ಷ ಕಾದೆ ಗೊತ್ತಾ. ಆಮೇಲೆ ಬರಲ್ಲ ಅಂದ್ಕೊಂಡು ಸಮಾಧಾನ ಮಾಡ್ಕೊಂಡಿದ್ದೆ.”

ಅವಳು ಏನೂ ಕೇಳಬೇಕಾಗಲೇ ಇಲ್ಲ. ಬಾಯ್ಲರಿನ ಸೇಫ್ಟಿ ವಾಲ್ವು ಸವೆದು ಹೋಗಿತ್ತು, ಒತ್ತಡ ಅರ್ಧಕ್ಕೆ ಬರುತ್ತಿದ್ದಂತೆ ಹಬೆ ಬಿಟ್ಟುಬಿಡುತ್ತಿತ್ತು. ಶೆಡ್ಡಿಗೆ ಹಬೆ ಸಾಲದು, ಮಾಲು ಹೋಗಬೇಕು. ದೊಡ್ಡ ಮ್ಯಾನೇಜರು ಬಂದು ವಾಲ್ವಿನ ಕೋಲಿಗೆ ಇನ್ನೊಂದು ಕಬ್ಬಿಣದ ತುಂಡು ತೂಗುಹಾಕಿಸಿದರು, ಅದು ಏಳದ ಹಾಗೆ. ಅವಳ ಅಪ್ಪ ಬೇಡ ಎಂದ. ಬೇಡವಾದರೆ ಮನೆಗೆ ಹೋಗು, ಬೇರೆಯವನನ್ನು ನಿಲ್ಲಿಸುತ್ತೇನೆ ಎಂದರು. ಬೇರೆಯವನಿಗೆ ಆ ಬಾಯ್ಲರಿನ ಸ್ವಭಾವ ಗೊತ್ತಿಲ್ಲವೆಂದು ಅವನೇ ನಿಂತ. ನಿಂತು, ಹಾಕಿದ ತೂಕ, ಹಾಕಿಸಿದವರು ಯಾರು, ತಾನು ಬೇಡವೆಂದದ್ದು, ಎಲ್ಲವನ್ನೂ ಲಾಗ್ ಪುಸ್ತಕದಲ್ಲಿ ಬರೆದ. ಪಾಳಿ ಮುಗಿದ ಮೇಲೆ ಲಾಗ್ ಪುಸ್ತಕ ಟೈಂ ಆಫೀಸಿನಲ್ಲಿ ಇರುತ್ತಿತ್ತು.

“ಎರಡು ದಿನ ಬರೆದಿದ್ದ. ಮೂರನೇ ದಿನ ಸಿಡೀತು. ಆವತ್ತು ಮಧ್ಯಾಹ್ನವೇ ಮ್ಯಾನೇಜರು ಬಂದು ಪುಸ್ತಕ ಕೇಳಿದರು. ಕೊಟ್ಟೆ. ಆಮೇಲೆ ಹೀಗೆ ಹೀಗೆ ಹೇಳಬೇಕು ಅಂದರು. ಹೇಳಿದೆ.”

“ಬಾಯಿ ವಾಸನೆ?”

“ಇರಲಿಲ್ಲ ಮಗಾ. ಕಣ್ಣು ಕೆಂಪಗಿತ್ತು. ಯಾಕೋ ಅಂದೆ. ಮಗಳಿಗೆ ಹುಷಾರಿಲ್ಲ, ನಿದ್ದೆ ಇಲ್ಲ ಅಂದ.”

ಅವಳು ಚೀಲದಿಂದ ಒಂದು ಪ್ರೂಫ್ ಹಾಳೆ ತೆಗೆದು, ಅದರ ಬಿಳಿ ಬೆನ್ನಿನ ಮೇಲೆ ಅವರು ಹೇಳಿದ್ದನ್ನೆಲ್ಲ ಬರೆದಳು. ಓದಿ ಹೇಳಿದಳು. ಮುದುಕರು ಗೋಡೆಗೆ ಒರಗಿಕೊಂಡು ಕೇಳಿ, ಪೆನ್ನು ಇಸಿದುಕೊಂಡು, ತಾರೀಕು ಹಾಕಿ, ಗುಂಡಗೆ ಸಹಿ ಮಾಡಿದರು.

ಮೇಷ್ಟ್ರು ಅದನ್ನು ನಿಂತುಕೊಂಡು ಓದಲು ಶುರುಮಾಡಿದವರು ನಡುವೆ ಕೂತುಬಿಟ್ಟರು. “ನಾಳೆ ಬೆಳಿಗ್ಗೆ ಸಮಿತಿ ಕರೀತೀನಿ,” ಎಂದರು. “ಅವರ ಬಾಯಿಂದ ಒಂದು ಸಲ ಹೇಳಿಬಿಡಲಿ. ಆಮೇಲೆ ಯಾರು ಅಡ್ಡ ಬಂದರೂ ನಾನು ಬರೀತೀನಿ.”

ಅವಳು ಮನೆಗೆ ಬಂದು ತಾಯಿಗೆ ಹೇಳಿದಳು. ತಾಯಿ ಆ ದಿನ ಎರಡು ತುತ್ತು ಹೆಚ್ಚಿಗೆ ಉಂಡಳು. ಅಷ್ಟೇ ಆ ಮನೆಗೆ ಬಂದ ಸುಖ.

ಸಮಿತಿ ಸೇರಿದ್ದು ವಾಚನಾಲಯದ ಮೇಲಿನ ಕೋಣೆಯಲ್ಲಿ. ಏಳು ಜನ, ಉದ್ದನೆ ಮೇಜು, ಗೋಡೆಯ ಮೇಲೆ ದೊಡ್ಡ ಮ್ಯಾನೇಜರ ಚಿತ್ರ. ವಾಚನಾಲಯ ಕಟ್ಟಿಸಿಕೊಟ್ಟವರು ಅವರೇ. ಟೈಂಕೀಪರನ್ನು ಅವರ ಮಗಳು ತೋಳು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಹಳೆಯ ಕೋಟು ಹಾಕಿಸಿದ್ದಳು, ಇಸ್ತ್ರಿ ಮಾಡಿದ್ದು. ಹಲ್ಲಿನ ಡಾಕ್ಟರು ಹಾಳೆಯನ್ನು ಅವರ ಮುಂದೆ ಹಿಡಿದರು.

“ಈ ಸಹಿ ನಿಮ್ಮದೇನಾ?”

“ನನ್ನದೇ.”

“ಇದರಲ್ಲಿ ಬರೆದಿರೋದು ನೀವು ಹೇಳಿದ್ದಾ?”

ಮುದುಕರು ಹಾಳೆ ನೋಡಿದರು. ಮಗಳ ಕಡೆ ನೋಡಲಿಲ್ಲ. ಒತ್ತಕ್ಷರದಕ್ಕನ ಕಡೆಯೂ ನೋಡಲಿಲ್ಲ.

“ಆ ಹುಡುಗಿ ಬಂದಿದ್ದಳು. ಏನೋ ಬರೆದಳು. ಸಹಿ ಹಾಕು ಅಂದಳು, ಹಾಕಿದೆ. ಏನಂತ ಜ್ಞಾಪಕ ಇಲ್ಲ.”

“ಹಾಗಾದರೆ ವಿಚಾರಣೇಲಿ ಹೇಳಿದ್ದು?”

“ಆವತ್ತು ಹೇಳಿದ್ದು ಹೇಳಿದ್ದೇ.”

ಮೇಷ್ಟ್ರು ಮತ್ತೆ ಮತ್ತೆ ಕೇಳಿದರು, ಬೇರೆ ಬೇರೆ ರೀತಿಯಲ್ಲಿ ಕೇಳಿದರು. ಜ್ಞಾಪಕ ಇಲ್ಲ ಎಂಬುದಕ್ಕಿಂತ ಗಟ್ಟಿ ಬೀಗ ಇನ್ನೊಂದಿಲ್ಲ. ಕೊನೆಗೆ ಸಮಿತಿಯವರು ಒಂದು ಉಪಕಾರ ಮಾಡಿದರು: ವಾಕ್ಯ ಇರಲಿ, ಹೆಸರು ತೆಗೆಯೋಣ, ಬರೀ ‘ಬಾಯ್ಲರ್ ಕೆಲಸಗಾರ’ ಅಂತ ಇರಲಿ, ಪಾಪ, ಅವರ ಮನೆಯವರಿಗೂ ಬೇಜಾರಾಗಬಾರದು. ಊರಿಗೆ ಬಾಯ್ಲರ್‌ನವನು ಎಂದರೆ ಒಬ್ಬನೇ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ ಎಂದು ಕೇಳಬೇಕೆನಿಸಿತು ಅವಳಿಗೆ.

ಮೆಟ್ಟಿಲ ಕೆಳಗೆ ಟೈಲರಮ್ಮ ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ ಅವಳಿಗಾಗಿ ಕಾಯುತ್ತಿದ್ದಳು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಆ ಘಟನೆ ಆದ ಮೇಲೆ ಬೆಂಚು ಬದಲಾಯಿಸಿದವಳು ಟೈಲರಮ್ಮನೇ.

“ನೀನೇ ಹೇಳಿಕೊಟ್ಟೆ ತಾನೆ?” ಎಂದಳು ಒತ್ತಕ್ಷರದಕ್ಕ.

“ಹೌದು. ರಾತ್ರಿ ಎಲ್ಲ ಹೇಳಿದರು ನನ್ನ ಹತ್ತಿರ. ನಿಮ್ಮಪ್ಪಂದು ತಪ್ಪಿಲ್ಲ, ನನಗೂ ಈಗ ಗೊತ್ತು.”

“ಗೊತ್ತಿದ್ದೂ?”

“ನಿಮ್ಮಪ್ಪ ಸತ್ತು ನಲವತ್ತೊಂದು ವರ್ಷ ಆಯ್ತು. ನಮ್ಮಪ್ಪ ಇವತ್ತೋ ನಾಳೆಯೋ. ಹೋಗೋ ಕಾಲದಲ್ಲಿ ಸುಳ್ಳುಸಾಕ್ಷಿ ಹೇಳಿದವನು ಅನ್ನಿಸ್ಕೊಂಡು ಹೋಗಬೇಕಾ? ಹನ್ನೊಂದು ಮನೆಯವರು ನನ್ನ ಅಂಗಡಿ ಮುಂದೆ ಬಂದು ನಿಂತರೆ ನಾನು ಏನಂತ ಹೇಳಲಿ?”

“ನಾವು ಇಷ್ಟು ವರ್ಷ ಏನು ಹೇಳಿದೆವೋ ಅದನ್ನೇ ಹೇಳು.”

“ನಿಮಗೆ ಅಭ್ಯಾಸ ಆಗಿದೆ,” ಎಂದಳು ಟೈಲರಮ್ಮ. ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು. ಹಾಗೆ ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಅವಳು ಅಪ್ಪನ ತೋಳು ಹಿಡಿದು ಎಬ್ಬಿಸಿಕೊಂಡು ನಿಧಾನವಾಗಿ ಬೀದಿಗಿಳಿದಳು.

ಕೊನೆಯ ಪ್ರೂಫು ಹತ್ತು ದಿನದ ಮೇಲೆ ಬಂತು. ಒತ್ತಕ್ಷರದಕ್ಕ ಸ್ಕೇಲು ಇಟ್ಟು ಮೊದಲಿನಿಂದ ನೋಡುತ್ತ ಬಂದಳು. ಹಲ್ಲಿನ ಡಾಕ್ಟರ ತಾತ ದಾಟಿದರು, ಕಪ್ಪು ಕನ್ನಡಕದ ಸೈಕಲ್ಲಿನವನು ದಾಟಿದ. ನೂರಹನ್ನೆರಡಕ್ಕೆ ಬಂದಳು. ಹೆಸರು ಹೋಗಿತ್ತು, ಉಳಿದದ್ದೆಲ್ಲ ಇತ್ತು. ಅವಳು ಒಂದು ಕ್ಷಣ ಕಿಟಕಿಯಾಚೆ ನೋಡಿದಳು. ಕೆಂಪು ಪೆನ್ನಿನಿಂದ ಆ ವಾಕ್ಯದ ಮೇಲೆ ಒಂದು ಗೆರೆ ಎಳೆದು, ಅಂಚಿನಲ್ಲಿ ತೆಗೆಯುವ ಗುರುತು ಹಾಕಿ, ಅದಕ್ಕೆ ಬದಲು ‘ಈ ದುರಂತದಲ್ಲಿ ಹನ್ನೊಂದು ಮಂದಿ ಸತ್ತರು’ ಎಂದಷ್ಟೇ ಬರೆದಳು. ‘ಹನ್ನೆರಡು’ ಎಂದು ಬರೆಯುವ ಧೈರ್ಯ ಬರಲಿಲ್ಲ. ಕಂಪ್ಯೂಟರಿನ ಹುಡುಗಿ ಅಕ್ಕನ ಗುರುತು ಕಂಡಲ್ಲಿ ಅರ್ಥ ನೋಡುವವಳಲ್ಲ. ತೆಗೆದಳು, ಸಾಲು ಸರಿಸಿದಳು. ಒತ್ತಕ್ಷರದಕ್ಕ ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದಳು. ಇಪ್ಪತ್ತಾರು ವರ್ಷದಲ್ಲಿ ಆ ಸಹಿ ಸುಳ್ಳಾದದ್ದು ಅದೊಂದೇ ಸಲ.

ಮಿಷನ್ ತಿರುಗಿತು. ಪುಸ್ತಕ ಬೈಂಡಾಯಿತು. ಅವಳು ತಾಯಿಗೂ ಹೇಳಲಿಲ್ಲ.

ಬಿಡುಗಡೆಯ ದಿನ ವಾಚನಾಲಯದ ಕೆಳಗಿನ ಹಾಲ್ ತುಂಬಿತ್ತು. ಗಣ್ಯರು ಮೊದಲ ಸಾಲಿನಲ್ಲಿ ಕೂತು ತಮ್ಮ ತಮ್ಮ ಪುಟ ಹುಡುಕಿಕೊಳ್ಳುತ್ತಿದ್ದರು. ಟೈಂಕೀಪರಿಗೆ ಹುಷಾರಿರಲಿಲ್ಲ, ಅವರ ಪ್ರತಿಯನ್ನು ಮಗಳು ಇಸಿದುಕೊಂಡಳು. ಮೇಷ್ಟ್ರು ಮಾತಾಡಿ ಮುಗಿಸುತ್ತಿದ್ದಂತೆ ನಡುವಿನ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತಳು. ಬಣ್ಣದ ಶೆಡ್ಡಿನಲ್ಲಿ ಅವಳ ಅಣ್ಣ, ತಮ್ಮ ಇಬ್ಬರೂ ಹೋಗಿದ್ದರು. ಪಕ್ಕದಲ್ಲಿ ಮೊಮ್ಮಗಳು ಪುಸ್ತಕ ತೆರೆದು ಹಿಡಿದಿದ್ದಳು.

“ಒಂದು ಮಾತು ಕೇಳ್ತೀನಿ ಮೇಷ್ಟ್ರೇ. ಇವಳ ಹತ್ತಿರ ಓದಿಸಿದೆ. ನಮ್ಮವರು ಸತ್ತರು ಅಂತಿದೆ. ಹೇಗೆ ಸತ್ತರು ಅಂತ ಯಾಕಿಲ್ಲ? ಸುಮ್ಮಸುಮ್ಮನೆ ಸತ್ತರಾ ಅವರು?”

ಮೇಷ್ಟ್ರು ತಮ್ಮ ಪ್ರತಿ ತಿರುವಿದರು. ಆ ಪುಟದ ಮೇಲೆ ಅವರ ಕಣ್ಣು ನಿಂತಿತು. ಆಮೇಲೆ ತಲೆ ಎತ್ತಿ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದ ಒತ್ತಕ್ಷರದಕ್ಕನನ್ನು ನೋಡಿದರು. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು. ಪ್ರೆಸ್ಸಿನ ಯಜಮಾನರು ಎದ್ದು, ಅಚ್ಚಿನ ಹೊತ್ತಿನಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಅದು ಪ್ರೆಸ್ಸಿನ ತಪ್ಪು, ಸರಿಮಾಡಿಕೊಡುತ್ತೇವೆ ಎಂದರು. ಹಲ್ಲಿನ ಡಾಕ್ಟರು ಅಲ್ಲೇ ತೀರ್ಮಾನ ಹೇಳಿದರು: ಒಂದು ಚೀಟಿ ಅಚ್ಚು ಮಾಡಿಸಿ ಪ್ರತಿಯೊಂದು ಪುಸ್ತಕಕ್ಕೂ ಅಂಟಿಸಬೇಕು. ಎಲ್ಲರಿಗೂ ಕಾಣುವ ಹಾಗೆ, ಮೊದಲನೇ ಪುಟದಲ್ಲೇ.

ಜನ ಚದುರುವಾಗ ಒತ್ತಕ್ಷರದಕ್ಕ ಆ ಮುದುಕಿಯ ಹಿಂದೆ ಬೀದಿಯ ತಿರುವಿನವರೆಗೆ ಹೋದಳು. ಹೋಗಬಾರದು ಎಂದು ಗೊತ್ತಿದ್ದೂ ಹೋದಳು. ತಾನು ಯಾರೆಂದು ಹೇಳಿದಳು. ವಾಲ್ವಿನ ಮಾತು, ತೂಕದ ಮಾತು, ಲಾಗ್ ಪುಸ್ತಕದ ಮಾತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮುದುಕಿ ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು.

“ಇರಬಹುದು ತಾಯಿ,” ಎಂದಳು ಕೊನೆಗೆ. “ನೀನು ಹೇಳೋದು ನಿಜಾನೇ ಇರಬಹುದು. ಆದರೆ ನಾನು ನಲವತ್ತು ವರ್ಷದಿಂದ ಒಬ್ಬನ ಮೇಲೆ ಸಿಟ್ಟು ಇಟ್ಕೊಂಡು ಬದುಕಿದೀನಿ. ಅದು ಇಲ್ಲದೇ ಇದ್ದರೆ ಯಾವತ್ತೋ ಸತ್ತು ಹೋಗ್ತಿದ್ದೆ. ಈಗ ಅದನ್ನ ತಗೊಂಡು ಎಲ್ಲಿ ಇಡಲಿ, ಹೇಳು?”

ಮುದುಕಿ ಕೋಲೂರಿಕೊಂಡು ಹೋದಳು.

ಮರುದಿನ ಯಜಮಾನರು ಅವಳನ್ನು ಮುಂದಿನ ಕೋಣೆಗೆ ಕರೆದರು. ಕೊನೆಯ ಪ್ರೂಫು ಅವರ ಮೇಜಿನ ಮೇಲಿತ್ತು, ಕೆಂಪು ಗೆರೆಯ ಸಮೇತ.

“ನಾನಾಗಿದ್ದರೂ ಇದನ್ನೇ ಮಾಡ್ತಿದ್ದೆನೇನೋ ಅಕ್ಕ. ಕೆಲಸ ಬಿಡಿ ಅಂತ ನಾನು ಹೇಳಲ್ಲ. ಆದರೆ ಇನ್ನು ಮೇಲೆ ನಿಮ್ಮ ಸಹಿ ನೋಡಿ ಮಿಷನ್ ಓಡಿಸೋಕೆ ನನ್ನಿಂದ ಆಗಲ್ಲ. ಬೈಂಡಿಂಗ್ ಕಡೆ ನೋಡ್ಕೊಳ್ಳಿ.”

“ಆಗಲಿ,” ಎಂದಳು. ಕಿಟಕಿ ಪಕ್ಕದ ಮೇಜಿನಿಂದ ಸ್ಕೇಲು, ಪೆನ್ನು, ಕನ್ನಡಕದ ಡಬ್ಬಿ ತೆಗೆದುಕೊಂಡಳು. ಕಂಪ್ಯೂಟರಿನ ಹುಡುಗಿ ಚೀಟಿ ಸಿದ್ಧ ಮಾಡುತ್ತಿದ್ದಳು; ಅಕ್ಕ ಹತ್ತಿರ ಬಂದದ್ದು ಕಂಡು ಕೈ ಹಿಂದಕ್ಕೆ ತೆಗೆದಳು. ಪರದೆಯ ಮೇಲೆ ಸುತ್ತ ಗೆರೆ ಹಾಕಿದ ಚೌಕ, ಮೇಲೆ ದಪ್ಪಕ್ಷರದಲ್ಲಿ ‘ಪುಟ ೧೧೨ರಲ್ಲಿ ಬಿಟ್ಟುಹೋದ ಸಾಲು’, ಕೆಳಗೆ ಆ ವಾಕ್ಯ. ಇನ್ನೂರು ಪುಟದ ನಡುವೆ ಎಲ್ಲೋ ಒಂದು ಕಡೆ ಹುದುಗಿಕೊಂಡು ಇರಬೇಕಾಗಿದ್ದದ್ದು, ಹತ್ತರಲ್ಲಿ ಒಬ್ಬರೂ ಅಲ್ಲಿಯತನಕ ಓದುತ್ತಿರಲಿಲ್ಲವೇನೋ. ಈಗ ಪುಸ್ತಕ ತೆರೆದವರಿಗೆಲ್ಲ ಊರಿನ ಇತಿಹಾಸ ಶುರುವಾಗುವುದು ಅಲ್ಲಿಂದಲೇ.

ಅಂಟಿಸುವ ಕೆಲಸಕ್ಕೆ ಬೈಂಡಿಂಗಿನವರು ಸಾಲದೆ, ಹಂಚಿ ಉಳಿದ ಏಳುನೂರ ನಲವತ್ತು ಪ್ರತಿಗಳನ್ನು ಒಂದು ಗಾಡಿಯಲ್ಲಿ ಹಾಕಿ ಅವಳ ಮನೆಗೇ ಕಳಿಸಿದರು. ನಾಲ್ಕು ದಿನದಲ್ಲಿ ಮುಗಿಸಿ ಕೊಡಿ ಎಂದರು. ಪುಸ್ತಕದ ಕಟ್ಟುಗಳು ಬಾಗಿಲಿಂದ ಒಲೆಯವರೆಗೆ ತುಂಬಿಕೊಂಡವು; ಮಲಗಲು ಜಾಗವಿಲ್ಲದೆ ತಾಯಿಯ ಹಾಸಿಗೆಯನ್ನು ಅವುಗಳ ಮೇಲೆಯೇ ಹಾಕಬೇಕಾಯಿತು.

ಎರಡನೆಯ ದಿನ ಬೆಳಿಗ್ಗೆ ಟೈಂಕೀಪರು ಹೋದರೆಂದು ಸುದ್ದಿ ಬಂತು. ಊರಿನ ಅಂಗಡಿಗಳೆಲ್ಲ ಒಂದು ಗಂಟೆ ಬಾಗಿಲು ಹಾಕಿದವು. ಹಲ್ಲಿನ ಡಾಕ್ಟರು ಅವರ ಸಮಯಪ್ರಜ್ಞೆಯ ಬಗ್ಗೆ ಮಾತಾಡಿದರಂತೆ. ಒತ್ತಕ್ಷರದಕ್ಕ ಹೋಗಲಿಲ್ಲ. ಆ ಮನುಷ್ಯನ ಮೇಲೆ ಸಿಟ್ಟು ಹುಡುಕಿದಳು, ಸಿಗಲಿಲ್ಲ. ತಾರೀಕು ಹಾಕಿ ಸಹಿ ಮಾಡುವಾಗ ಅವರ ಮುಖದಲ್ಲಿದ್ದ ನಿರಾಳವೇ ಮತ್ತೆ ಮತ್ತೆ ಕಣ್ಣಿಗೆ ಬಂತು. ಇನ್ನು ನಿಜ ಖಚಿತವಾಗಿ ಗೊತ್ತಿರುವವರು ಮೂರು ಹೆಂಗಸರು. ಒಬ್ಬಳು ಹೇಳುವವಳಲ್ಲ. ಉಳಿದಿಬ್ಬರು ಬಾಯ್ಲರ್‌ನವನ ಹೆಂಡತಿ, ಮಗಳು. ಅವರು ಹೇಳಿದರೆ ನಂಬುವವರಿಲ್ಲ. ಮೇಷ್ಟ್ರು ಆ ಹಾಳೆಯನ್ನು ಕಡತದಲ್ಲಿ ಜೋಪಾನವಾಗಿ ಇಟ್ಟಿದ್ದೇನೆಂದು ಹೇಳಿ ಕಳಿಸಿದ್ದರು. ಸಹಿ ಮಾಡಿದವರೇ ಜ್ಞಾಪಕವಿಲ್ಲವೆಂದ ಹಾಳೆ ಅದು.

ತಾಯಿ ಮೈದಾಹಿಟ್ಟು ಕಾಯಿಸಿ ಅಂಟು ಮಾಡಿದಳು. ಮಗಳು ಬೇಡವೆಂದರೂ ಕೇಳದೆ ಎದುರು ಬಂದು ಕೂತು, ಚೀಟಿಯ ಬೆನ್ನಿಗೆ ಅಂಟು ಸವರಿ ಸವರಿ ಕೊಡತೊಡಗಿದಳು. ಓದು ಬರಹ ಬರದ ಹೆಂಗಸು. ಚೌಕವಾದ ಕಾಗದ ಅವಳಿಗೆ ಬರೀ ಕಾಗದ ಎಂದುಕೊಂಡಿದ್ದಳು ಮಗಳು. ಪ್ರೆಸ್ಸಿನಲ್ಲಿ ಏನೋ ತಪ್ಪಾಗಿದೆ, ಅದನ್ನು ಸರಿಮಾಡುತ್ತಿದ್ದೇವೆ ಎಂದಷ್ಟೇ ಹೇಳಿದ್ದಳು.

ಮೂರನೆಯ ದಿನ ಮಧ್ಯಾಹ್ನ ಮಗಳ ಕೈ ಒಂದು ಪುಸ್ತಕದ ಮೇಲೆ ನಿಂತುಬಿಟ್ಟಿತು. ಚೀಟಿ ಸೊಟ್ಟಗೆ ಕೂತಿತ್ತು. ಅದನ್ನು ಎಬ್ಬಿಸಲೂ ಆಗದೆ ಬಿಡಲೂ ಆಗದೆ ನೋಡುತ್ತ ಕೂತಳು.

“ಓದಿ ಹೇಳಬೇಡ,” ಎಂದಳು ತಾಯಿ. “ಏನಿದೆ ಅಂತ ಗೊತ್ತು ನನಗೆ.”

“ಯಾರು ಹೇಳಿದರು?”

“ಯಾರು ಹೇಳಬೇಕು? ನೀನು ಪುಸ್ತಕ ತೆರೆಯೋದು ನೋಡಿದರೆ ಗೊತ್ತಾಗಲ್ವಾ.” ಅವಳು ಆ ಪುಸ್ತಕ ತನ್ನ ಕಡೆ ಎಳೆದುಕೊಂಡು, ಒದ್ದೆ ಇರುವಾಗಲೇ ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ಬೆರಳಲ್ಲಿ ಅಂಚು ಮುಟ್ಟಿ ನೋಡಿ ನೆಟ್ಟಗೆ ಕೂರಿಸಿದಳು. ಮೇಲೆ ಒಂದು ಸಲ ಅಂಗೈ ಒತ್ತಿದಳು. “ಸೊಟ್ಟ ಅಂಟಿಸಿದರೆ ಮತ್ತೆ ವಾಪಸ್ಸು ಕಳಿಸ್ತಾರೆ. ಎರಡನೇ ಸಲ ಮಾಡೋ ಶಕ್ತಿ ನನಗಿಲ್ಲ.”

ಮಗಳು ಇನ್ನೊಂದು ಪುಸ್ತಕ ತೆಗೆದುಕೊಂಡಳು.

“ಇನ್ನೂ ಎಷ್ಟಿದೆ?”

“ಮುನ್ನೂರ ಚಿಲ್ಲರೆ.”

“ಅಂಟು ಗಟ್ಟಿಯಾಯ್ತು. ಒಂಚೂರು ಬಿಸಿನೀರು ತಗೊಂಡು ಬಾ,” ಎಂದಳು ತಾಯಿ.